ಚಕ್ಕೋತದ ಎಡೆ

ಶ್ರಾವಣದ ಕೊನೆಯ ಸೋಮವಾರ ಮಧ್ಯಾಹ್ನ, ನನ್ನ ಹೆಂಡತಿ ಗಂಗಲಕ್ಷ್ಮಮ್ಮ ಇಲ್ಲವಾದ ಸುದ್ದಿ ನನಗೆ ನೆರೆಮನೆಯ ಮಾರಕ್ಕನ ಬಾಯಿಂದ ತಿಳಿಯಿತು. ಬೆಳಿಗ್ಗೆ ನಮ್ಮ ಬೀದಿಯ ಹೆಂಗಸರೆಲ್ಲ ಸೇರಿ ಟೆಂಪೋ ಮಾಡಿಕೊಂಡು ಶಿವಗಂಗೆಗೆ ಹೋಗಿದ್ದರು. ನನಗೆ ಮಂಡಿನೋವು, ಬೆಟ್ಟ ಹತ್ತಲು ಆಗದು. ಮನೆಯಲ್ಲೇ ಉಳಿದು, ಪೂಜೆ ಮುಗಿಸಿ, ಹಿತ್ತಲಲ್ಲಿ ಚಕ್ಕೋತದ ಗಿಡದ ಪಾತಿ ಬಿಡಿಸುತ್ತಿದ್ದೆ. ಸೊಸೆ ಪ್ರಿಯಾಂಕ ಫೋನು ತಂದು ಕೊಟ್ಟಳು.

"ಅಣ್ಣಾ, ನಾನು ಮಾರಿ. ಭಾನುನ ಕರ್ಕೊಂಡು ಹೊರಡು."

"ಯಾಕಮ್ಮ? ಅವಳ ಕೈಗೆ ಫೋನ್ ಕೊಡು."

ಆ ಕಡೆ ಬೆಟ್ಟದ ಗಾಳಿ ಜೋರಾಗಿ ಬೀಸುತ್ತಿತ್ತು.

"ಗಂಗಕ್ಕ ಇಲ್ಲ ಕಣಣ್ಣ. ಸುಸ್ತು ಅಂತ ಮೆಟ್ಲ ಮೇಲೆ ಕೂತ್ಕೊಂಡ್ಳು. ನೀರು ಕೇಳಿದ್ಳು, ಕುಡಿಸ್ದೆ. ನನ್ ತೊಡೆ ಮೇಲೆ ತಲೆ ಇಟ್ಕೊಂಡ್ಳು. ಅಷ್ಟೇ."

ಮಗ ಭಾನುಪ್ರಕಾಶ ಕಾರು ತೆಗೆದ. ನಾವು ಹೋಗುವಷ್ಟರಲ್ಲಿ ಅವಳನ್ನು ಕೆಳಗೆ ತಂದು ಒಂದು ಛತ್ರದ ಜಗಲಿಯ ಮೇಲೆ ಮಲಗಿಸಿದ್ದರು. ಮಾರಕ್ಕ ಅವಳ ತಲೆಯ ಹತ್ತಿರ ಕೂತು ನೊಣ ಓಡಿಸುತ್ತಿದ್ದಳು. ನನ್ನನ್ನು ಕಂಡು ಎದ್ದು ಜಾಗ ಬಿಟ್ಟಳು. ಜಾಗ ಬಿಟ್ಟಳು ಎಂಬುದೇ ಆಗ ನನ್ನ ಮನಸ್ಸಿಗೆ ಚುಚ್ಚಿತು. ನನ್ನ ಹೆಂಡತಿಯ ಪಕ್ಕದ ಜಾಗವನ್ನು ನನಗೆ ಬಿಟ್ಟುಕೊಡಲು ಇವಳು ಯಾರು?

ಊರಿನವರು ಪುಣ್ಯವಂತೆ ಎಂದರು. ಮುತ್ತೈದೆಯಾಗಿ, ಶ್ರಾವಣ ಸೋಮವಾರ, ಗಂಗಾಧರೇಶ್ವರನ ಬೆಟ್ಟದ ಮೇಲೆ, ನರಳದೆ ಹೋದಳು. ಇಂಥ ಸಾವು ಯಾರಿಗೆ ಸಿಗುತ್ತದೆ ಎಂದರು. ನಾನೂ ಹಾಗೆಯೇ ನಂಬಿ ಕೈ ಮುಗಿದೆ. ದೇವರ ಮೇಲೆ ನನಗೆ ದೂರಿಲ್ಲ. ಆದರೆ ಬಾಯಿಗೆ ನೀರು ಬಿಡುವ ಕೆಲಸ ಗಂಡನದು, ಇಲ್ಲವೆ ಮಗನದು. ಅದು ಮಾರಕ್ಕನ ಪಾಲಾಯಿತು. ಸಂಧ್ಯಾಕಾಲದಲ್ಲಿ ದೀಪದ ಮುಂದೆ ಕಣ್ಣು ಮುಚ್ಚಿ ಕೂತಾಗ ಹೆಂಡತಿಯ ಮುಖ ನೆನೆಯಲು ಹೊರಟರೆ, ಮಾರಕ್ಕನ ತೊಡೆಯೂ ಜೊತೆಯಲ್ಲಿ ಬರುತ್ತಿತ್ತು.

ಮಾರಕ್ಕ ನಮ್ಮ ಹಿತ್ತಲ ಗೋಡೆಯ ಆಚೆಯ ಮನೆಯವಳು. ಗಂಡ ದೊಡ್ಡಬೀರಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವಳು ಹತ್ತಿರದ ವಿಜಯಪುರ ಪೇಟೆಯಲ್ಲಿ ರೇಷ್ಮೆ ನೂಲು ಬಿಚ್ಚುವ ಕಡೆ ದುಡಿದು, ಬಿಸಿನೀರಿನಲ್ಲಿ ಬೆರಳುಗಳೆಲ್ಲ ಸವೆದು ಬೆಳ್ಳಗಾದ ಮೇಲೆ ಕೆಲಸ ಬಿಟ್ಟು ಮನೆಯಲ್ಲಿದ್ದಳು. ನಾನು ಊರಿನ ಹಾಲಿನ ಡೇರಿಯಲ್ಲಿ ಕಾರ್ಯದರ್ಶಿಯಾಗಿದ್ದವನು. ಬೆಳಗಿನ ಹಾಲು, ಸಂಜೆಯ ಹಾಲು, ನಡುವೆ ಭಜನೆ ಮಂಡಳಿ, ಮನೆಯಲ್ಲಿದ್ದುದು ಕಡಿಮೆ. ಗಂಗಲಕ್ಷ್ಮಮ್ಮ ಬಿಡುವಾದಾಗ ಮಾರಕ್ಕನ ಮನೆಗೆ ಹೋಗಿ ಬರುತ್ತಿದ್ದಳೆಂದು ಗೊತ್ತಿತ್ತು. ಹೆಂಗಸರು ಕೂತು ಮಾತಾಡುತ್ತಾರೆ ಎಂದುಕೊಂಡಿದ್ದೆ. ಆ ಮಾತಿನಲ್ಲಿ ಅವಳ ಎಷ್ಟು ದಿನಗಳು ಕಳೆದಿದ್ದವು ಎಂಬುದು ಅವಳು ಹೋದ ಮೇಲೆ ತಿಳಿಯಿತು. ಮಾರಕ್ಕ ನಮ್ಮ ಮನೆಗೆ ಬಂದಾಗಲೆಲ್ಲ "ಗಂಗಕ್ಕ ಹಿಂಗಂತಿದ್ಳು" ಎಂದು ಏನಾದರೂ ಶುರು ಮಾಡುವಳು. ಅವಳು ಹೇಳಿದ ಗಂಗಕ್ಕ ನನಗೆ ಅಪರಿಚಿತಳು. ಆ ಗಂಗಕ್ಕ ಜೋರಾಗಿ ನಗುವವಳು, ಡೇರಿಯ ಅಧ್ಯಕ್ಷನ ನಡಿಗೆಯನ್ನು ಅಣಕಿಸಿ ತೋರಿಸುವವಳು. ಮಗ ಸೊಸೆ ಕೇಳಿ ನಗುವರು. ನಾನು ಎದ್ದು ಹಿತ್ತಲಿಗೆ ಹೋಗುವೆನು.

ಹೀಗೆ ವರ್ಷ ತುಂಬಿ, ವರ್ಷದ ತಿಥಿಯೂ ಆಗಿ, ಪಿತೃಪಕ್ಷ ಬಂತು. ನಮ್ಮ ಕಡೆ ಮಹಾಲಯ ಅಮಾವಾಸ್ಯೆಯ ದಿನ ಹಿರಿಯರ ಹಬ್ಬ. ಸತ್ತವರ ಫೋಟೋ ಮುಂದೆ ಹೊಸ ಬಟ್ಟೆ ಇಟ್ಟು, ಎಲೆ ಹಾಸಿ, ಅವರು ಬದುಕಿದ್ದಾಗ ಏನು ಇಷ್ಟಪಡುತ್ತಿದ್ದರೋ ಅದನ್ನೆಲ್ಲ ಬಡಿಸಿ ಎಡೆ ಇಡುತ್ತೇವೆ. ಧೂಪ ಹಾಕಿ, ಬಾಗಿಲು ಮುಚ್ಚಿ, ಮನೆಯವರೆಲ್ಲ ಹೊರಗೆ ಬಂದು ಕೂರುತ್ತೇವೆ. ಆ ಹೊತ್ತಿನಲ್ಲಿ ಹಿರಿಯರು ಬಂದು ಉಣ್ಣುತ್ತಾರೆ. ಸತ್ತು ವರ್ಷ ತುಂಬದವರಿಗೆ ಈ ಎಡೆ ಇಡುವುದಿಲ್ಲ, ಹಾಗಾಗಿ ಈ ಹಬ್ಬದಲ್ಲಿ ಗಂಗಲಕ್ಷ್ಮಮ್ಮನ ಹೆಸರಿನಲ್ಲಿ ಎಲೆ ಹಾಕುವುದು ಇದೇ ಮೊದಲು.

ಹಬ್ಬಕ್ಕೆ ಮುಂಚೆ ಒಂದು ದಿನ ಮಾರಕ್ಕ ನಮ್ಮ ಪಡಸಾಲೆಯಲ್ಲಿ ಪ್ರಿಯಾಂಕಳ ಜೊತೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು.

"ಮಾವ, ಅತ್ತೆ ಎಡೆಗೆ ಏನೇನ್ ಮಾಡ್ಲಿ?" ಎಂದಳು ಪ್ರಿಯಾಂಕ.

"ಬಾಡಿನ ಸಾರು, ಮುದ್ದೆ, ಕಜ್ಜಾಯ, ವಡೆ," ಎಂದೆ. "ಅವಳಿಗೆ ಸಾರು ಮುದ್ದೆ ಅಂದ್ರೆ ಪ್ರಾಣ."

ಮಾರಕ್ಕ ಬೆಳ್ಳುಳ್ಳಿಯಿಂದ ತಲೆ ಎತ್ತಲಿಲ್ಲ. "ಅದು ನಿನ್ ಪ್ರಾಣ ಕಣಣ್ಣ. ಗಂಗಕ್ಕಂಗೆ ಮುದ್ದೆ ಸೇರ್ತಾನೇ ಇರ್ಲಿಲ್ಲ."

"ದಿನಾ ತಿಂತಿದ್ಳಲ್ಲಮ್ಮ."

"ಉಳಿದಿದ್ದು ತಿಂತಿದ್ಳು. ನಮ್ಮನೆಗೆ ಬಂದ್ರೆ ಅನ್ನ ಕೇಳೋಳು. ಅವಳ ಪ್ರಾಣ ಅಂದ್ರೆ ಚಕ್ಕೋತದ ಬಾಡನ್ನ."

ಪ್ರಿಯಾಂಕ ನಕ್ಕಳು. "ಚಕ್ಕೋತ ಹಾಕಿ ಬಾಡನ್ನವಾ? ಎಲ್ಲಾದ್ರೂ ಉಂಟಾ ಮಾರತ್ತೆ?"

"ಉಂಟು ಕಣೇ. ನಾನು ನೂಲು ಬಿಚ್ಚೋಕೆ ಹೋಗ್ತಿದ್ನಲ್ಲ, ಆ ಸಾಬರ ಮನೇಲಿ ಹಬ್ಬಕ್ಕೆ ದಾಳಿಂಬೆ ಕಾಳು ಹಾಕಿ ಪಲಾವ್ ಮಾಡೋರು. ಬಂದು ಗಂಗಕ್ಕಂಗೆ ಹೇಳ್ದೆ. ದಾಳಿಂಬೆಗೆ ಎಲ್ಲಿ ಹೋಗಣ, ನಮ್ಮನೆ ಹಿತ್ಲಲ್ಲಿ ಚಕ್ಕೋತ ಉದುರಿ ಹಾಳಾಗ್ತಾ ಅವೆ ಅಂದ್ಳು. ಸೆರಗಲ್ಲಿ ಮುಚ್ಕೊಂಡು ತಂದೇ ಬಿಟ್ಳು. ಆಮೇಲೆ ಅಣ್ಣ ಭಜನೆಗೆ ಹೋದ ದಿವಸ ನಮ್ದು ಅದೇ ಊಟ."

ನನ್ನ ಗಿಡದ ಹಣ್ಣು. ನಾನು ನೀರು ಹಾಕಿ, ಗೊಬ್ಬರ ಹಾಕಿ ಬೆಳೆಸಿದ ಗಿಡ. ನಾನು ದೇವರ ನಾಮ ಹಾಡುತ್ತ ಕೂತಿದ್ದ ಹೊತ್ತಿನಲ್ಲಿ ಅದೇ ಹಣ್ಣು ಸೆರಗಿನಲ್ಲಿ ಗೋಡೆ ದಾಟಿ ಹೋಗುತ್ತಿತ್ತು. ಮನೆಯಲ್ಲಿ ಒಂದು ದಿನವಾದರೂ ಇದನ್ನು ಮಾಡಬಾರದಿತ್ತೇ? ನನಗೆ ಒಂದು ತುತ್ತು ಕೊಡಬಾರದಿತ್ತೇ? ಸತ್ತವಳ ಮೇಲೆ ಕೋಪ ಮಾಡಿಕೊಳ್ಳುವುದು ಪಾಪವೆಂದು ಆ ಕೋಪವನ್ನೂ ಮಾರಕ್ಕನ ಕಡೆಗೇ ತಿರುಗಿಸಿದೆ.

"ಎಡೆ ದಿನ ನಾನೇ ಮಾಡ್ಕೊಂಡು ತರ್ತೀನಿ ಬಿಡು," ಎಂದಳು ಅವಳು.

"ಬೇರೆ ಮನೆ ಅಡುಗೆ ನಮ್ಮ ಎಡೆಗೆ ಇಡೋ ಪದ್ಧತಿ ಇಲ್ಲ."

"ಹಂಗಾದ್ರೆ ಇಲ್ಲೇ ಬಂದು ನಿಮ್ ಒಲೆ ಮೇಲೇ ಮಾಡ್ತೀನಿ."

"ಎಡೆ ಅಡುಗೆ ಮನೆಯವರೇ ಮಾಡ್ಬೇಕು."

ಮಾರಕ್ಕ ಈಗ ನನ್ನ ಮುಖ ನೋಡಿದಳು. "ಮನೆಯೋರು ಅಂದ್ರೆ ಯಾರಣ್ಣ, ನೀನಾ? ಒಲೆ ಯಾವ ಕಡೆ ಉರಿಯುತ್ತೆ ಅಂತ ಗೊತ್ತಾ ನಿಂಗೆ?"

"ನಾನೇ ಮಾಡ್ತೀನಿ," ಎಂದೆ.

ಪ್ರಿಯಾಂಕ ಕೈಯಲ್ಲಿದ್ದ ಬೆಳ್ಳುಳ್ಳಿಯನ್ನು ಹಾಗೆಯೇ ಹಿಡಿದು ಕೂತಳು. ಮಾರಕ್ಕ ತಮಾಷೆ ಬಿಟ್ಟು, ನಿಧಾನವಾಗಿ, "ಆಗ್ಲಿ. ಹಂಗಾದ್ರೆ ಕೇಳಿಸ್ಕೊ. ಹಣ್ಣು ಹಾಕೋದಿದೆಯಲ್ಲ, ಅದು..." ಎಂದು ಶುರು ಮಾಡಿದಳು.

"ಗೊತ್ತು ಬಿಡಮ್ಮ. ಹಣ್ಣು ನಂದೇ," ಎಂದು ಎದ್ದೆ.

ಅವಳಿಂದ ಕೇಳಿ ಮಾಡಿದರೆ ಅದು ಅವಳ ಅಡುಗೆಯೇ ಆಗುತ್ತದೆ ಎಂದು ನನ್ನ ಲೆಕ್ಕ. ಕೊನೆಯ ನೀರು ಅವಳ ಕೈಯದಾಯಿತು. ಮೊದಲ ಎಡೆಯಾದರೂ ಪೂರ್ತಿಯಾಗಿ ನನ್ನದಾಗಿರಬೇಕು. ಹೆಂಡತಿ ಬಂದು ಎಲೆಯ ಮುಂದೆ ಕೂತಾಗ, ಇದನ್ನು ನನ್ನ ಗಂಡ ಮಾಡಿದ್ದಾನೆ ಎಂದು ಅವಳಿಗೆ ತಿಳಿಯಬೇಕು. ನನಗೆ ಬೇಕಾಗಿದ್ದುದು ಇಷ್ಟೇ.

ಅಮಾವಾಸ್ಯೆಯ ದಿನ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಇಟ್ಟುಕೊಂಡು, ಒಗೆದ ಪಂಚೆ ಉಟ್ಟು ಅಡುಗೆಮನೆಗೆ ಹೋದೆ. ಬಾಡನ್ನಕ್ಕೆಂದು ಭಾನು ವಿಜಯಪುರದಿಂದ ಎಳೆಯ ಮಾಂಸ ತಂದಿದ್ದ. ಬಾಗಿಲಲ್ಲಿ ನಿಂತು ನೋಡಿ, "ಏನಪ್ಪಾ, ಗ್ಯಾಸ್ ಹಚ್ಚೋಕೆ ನಾನು ಬರ್ಲಾ?" ಎಂದ. ಪ್ರಿಯಾಂಕ ಅವನನ್ನು ಆಚೆ ಕಳಿಸಿದಳು.

ಚಕ್ಕೋತದ ದಪ್ಪ ಸಿಪ್ಪೆ ತೆಗೆದೆ. ಒಳಗೆ ಕೆಂಪಗೆ, ತುಂಬಿದ ತೊಳೆಗಳು. ತೊಳೆಯ ಮೇಲಿನ ಬಿಳಿ ಪೊರೆಯನ್ನು ಬಿಡಿಸುತ್ತ ಕೂರುವ ತಾಳ್ಮೆ ನನಗಿರಲಿಲ್ಲ. ಬೇಯುವಾಗ ಅದೂ ಕರಗುತ್ತದೆ ಎಂದುಕೊಂಡು ದೊಡ್ಡದನ್ನಷ್ಟೇ ಕಿತ್ತು, ಉಳಿದದ್ದನ್ನು ಹಾಗೆಯೇ ಬಿಟ್ಟೆ. ಈರುಳ್ಳಿ ಹುರಿದು, ಮಸಾಲೆ ಹಾಕಿ, ಮಾಂಸ ಹಾಕಿದೆ. ಹುಳಿ ಬೇಕಾದ ಅಡುಗೆಗೆ ಹುಣಸೆಹಣ್ಣನ್ನು ಮೊದಲೇ ಹಾಕಿ ಕುದಿಸುವುದನ್ನು ನೋಡಿದ್ದೆ. ಹಾಗೆಯೇ ತೊಳೆಗಳನ್ನೂ ಮಾಂಸದ ಜೊತೆಗೆ ಹಾಕಿ, ಚೆನ್ನಾಗಿ ಕುದಿಸಿ, ಆಮೇಲೆ ಅಕ್ಕಿ ಹಾಕಿದೆ.

"ಉಪ್ಪು ಸರಿ ಇದೆಯಾ ಮಾವ?" ಎಂದಳು ಪ್ರಿಯಾಂಕ.

"ಎಡೆ ಆಗೋವರೆಗೆ ನಾಲಿಗೆಗೆ ತಾಗಿಸಬಾರದಮ್ಮ."

"ಅಲ್ಲ, ನಾವು ಯಾವತ್ತೂ ಮಾಡಿಲ್ವಲ್ಲ, ಅದಕ್ಕೆ..."

"ಹಿರಿಯರಿಗೆ ಎಂಜಲು ಇಡೋಕಾಗುತ್ತಾ?"

ಅವಳು ವಡೆ ತಟ್ಟಲು ಕೂತಳು. ಪಾತ್ರೆಯ ಮುಚ್ಚಳ ತೆಗೆದಾಗ ಪರಿಮಳ ಮನೆಯನ್ನೆಲ್ಲ ತುಂಬಿತು. ಮಾಂಸದ ಘಮಲಿನ ಮೇಲೆ ಹಣ್ಣಿನ ಒಂದು ತಣ್ಣನೆಯ ವಾಸನೆ. ಕೆಂಪು ಎಸಳು ಅನ್ನದಲ್ಲಿ ಅಲ್ಲಲ್ಲಿ ಕಾಣುತ್ತಿತ್ತು. ಮಾರಕ್ಕ ಬಂದು ಇದನ್ನು ನೋಡಲಿ ಎನ್ನಿಸಿತು. ದೇವರ ಕೋಣೆಗೆ ಹೋಗಿ ಕೈ ಮುಗಿಯುವಾಗಲೂ ಅದೇ ಯೋಚನೆ.

ಫೋಟೋ ಮುಂದೆ ಹೊಸ ಸೀರೆ, ಬಳೆ, ಹೂವು ಇಟ್ಟೆವು. ಎಲೆಯ ನಡುವೆ ಚಕ್ಕೋತದ ಬಾಡನ್ನವನ್ನು ನಾನೇ ಬಡಿಸಿದೆ. ಸುತ್ತ ಕಜ್ಜಾಯ, ವಡೆ, ಸಾರು. ಮುದ್ದೆಯನ್ನೂ ಒಂದು ಮೂಲೆಗೆ ಇಟ್ಟೆ. ಮಾರಕ್ಕನ ಮಾತೇ ನಿಜವೆಂದು ಪೂರ್ತಿಯಾಗಿ ಒಪ್ಪಲು ಮನಸ್ಸು ಬರಲಿಲ್ಲ. ಧೂಪ ಹಾಕಿ, ಬಾಗಿಲು ಮುಚ್ಚಿ, ಎಲ್ಲರೂ ಜಗಲಿಗೆ ಬಂದೆವು.

ಮಾರಕ್ಕ ಆಗಲೇ ಬಂದು ಅಲ್ಲಿ ಕೂತಿದ್ದಳು. ಅವಳ ಮನೆಯಲ್ಲಿ ದೊಡ್ಡಬೀರಪ್ಪನ ಎಡೆ ಸಂಜೆಗೆ. ನಮ್ಮ ಊಟಕ್ಕೆ ಬಾರೆಂದು ಪ್ರಿಯಾಂಕ ಕರೆದಿದ್ದಳು. ಮೇಲೆ ಒಂದು ವಿಮಾನ ಇಳಿಯುತ್ತ ಹೋಯಿತು. ಮುಚ್ಚಿದ ಬಾಗಿಲ ಹಿಂದೆ ನನ್ನ ಹೆಂಡತಿ ಬಂದಿರಬಹುದೇ ಎಂದು ಕಿವಿಗೊಟ್ಟೆ. ಬರುವ ದಾರಿಯಲ್ಲಿ ಅಭ್ಯಾಸಬಲದಿಂದ ಹಿತ್ತಲ ಗೋಡೆಯ ಆಚೆಗೆ ಮೊದಲು ಹೋಗಿ ಹುಡುಕಿದಳೋ ಏನೋ ಎಂದೂ ಅನ್ನಿಸಿತು.

ಮಾರಕ್ಕ ಮೆಲ್ಲಗೆ ಕೇಳಿದಳು. "ವಾಸನೆ ಚೆನ್ನಾಗ್ ಬಂದದೆ. ಹಣ್ಣು ಯಾವಾಗ್ ಹಾಕ್ದಣ್ಣ?"

"ಮಾಂಸದ ಜೊತೆಗೇ. ಚೆನ್ನಾಗಿ ಬೇಯಿಸಿದೀನಿ."

ಅವಳು ಏನೋ ಹೇಳಲು ಬಾಯಿ ತೆರೆದು, ಮುಚ್ಚಿದ ಬಾಗಿಲ ಕಡೆ ನೋಡಿ, ಸೆರಗನ್ನು ಭುಜದ ಮೇಲೆ ಎಳೆದುಕೊಂಡಳು. ಅವಳಿಗೆ ಹೊಟ್ಟೆ ಉರಿಯುತ್ತಿದೆ ಎಂದು ತಿಳಿದೆ. ನಿಜ ಹೇಳಬೇಕೆಂದರೆ ಸಂತೋಷವೂ ಆಯಿತು.

ಹೊತ್ತಾದ ಮೇಲೆ ಕೆಮ್ಮಿ ಸದ್ದು ಮಾಡಿ ಬಾಗಿಲು ತೆಗೆದೆವು. ಎಡೆಯದನ್ನು ಎಲ್ಲರ ಎಲೆಗೂ ಸ್ವಲ್ಪ ಸ್ವಲ್ಪ ಬಡಿಸಿದಳು ಪ್ರಿಯಾಂಕ. ನಾನು ಕಣ್ಣಿಗೆ ಒತ್ತಿಕೊಂಡು ಮೊದಲ ತುತ್ತು ಬಾಯಿಗೆ ಇಟ್ಟೆ.

ಕಹಿ. ಬೇವಿನ ಕಷಾಯದಂಥ ಕಹಿ. ಅದು ನಾಲಿಗೆಯಿಂದ ಗಂಟಲಿಗೆ ಇಳಿದು ಅಲ್ಲೇ ನಿಂತಿತು.

ಪ್ರಿಯಾಂಕ ತುತ್ತು ನುಂಗಿ ನೀರಿನ ಲೋಟ ಎತ್ತಿಕೊಂಡಳು. ಭಾನು ಅಗಿಯುತ್ತ ಅಗಿಯುತ್ತ ನಿಲ್ಲಿಸಿ, "ಅಪ್ಪಾ, ಇದು..." ಎಂದು ಹೆಂಡತಿಯ ಮುಖ ನೋಡಿದ. ಮಾರಕ್ಕ ಮಾತ್ರ ತಲೆ ಬಗ್ಗಿಸಿ ಉಣ್ಣುತ್ತಿದ್ದಳು. ಎಡೆಯ ಅನ್ನ ಚೆಲ್ಲಬಾರದೆಂದು ತನ್ನ ಪಾಲನ್ನು ಒಂದು ಅಗುಳು ಬಿಡದೆ ಮುಗಿಸಿದಳು.

"ನಿನಗೆ ಜಗಲಿ ಮೇಲೇ ಗೊತ್ತಾಗಿತ್ತಾ?" ಎಂದೆ.

"ಗೊತ್ತಾಯ್ತು. ಚಕ್ಕೋತ ಬೇಯಬಾರ್ದಣ್ಣ. ಬೆಂದ್ರೆ ಕಹಿ ಬಿಟ್ಕೊಳ್ತದೆ. ಪೊರೆ ಇದ್ರಂತೂ ಮುಗೀತು."

"ಯಾಕೆ ಹೇಳ್ಲಿಲ್ಲ?"

"ಬಾಗ್ಲು ಹಾಕಿತ್ತಲ್ಲ. ಅವಳು ಉಣ್ಣೋ ಹೊತ್ನಲ್ಲಿ ಅಡುಗೆ ಕಹಿ ಅಂತ ಹೇಳ್ಲಾ?"

ಕೈ ತೊಳೆದು ಎದ್ದೆ. ಹಿತ್ತಲಿಗೆ ಹೋಗಿ ಗಿಡದ ಕೆಳಗೆ ನಿಂತೆ. ವರ್ಷಕ್ಕೊಂದು ಸಲ ಬರುವವಳು. ಅಷ್ಟು ದೂರದಿಂದ ಬಂದು, ಎಲೆಯ ಮುಂದೆ ಕೂತು, ಇಷ್ಟದ ಅನ್ನವೆಂದು ಆಸೆಯಿಂದ ಕೈ ಹಾಕಿ, ಬಾಯಿಗಿಟ್ಟು ಮುಖ ಸಿಂಡರಿಸಿರುತ್ತಾಳೆ. ಮೂಲೆಯಲ್ಲಿದ್ದ ಮುದ್ದೆಯನ್ನೇ ಮತ್ತೆ ತಿಂದು ಹೋಗಿರುತ್ತಾಳೆ. ನನ್ನ ಹೊಟ್ಟೆಕಿಚ್ಚು ನನ್ನ ಹೊಟ್ಟೆಯಲ್ಲಿ ಇದ್ದರೆ ಇರಲಿ ಎನ್ನಬಹುದಿತ್ತು. ಅದನ್ನು ಅವಳ ಎಲೆಗೆ ಬಡಿಸಿದ್ದೆ. ಇನ್ನು ಮುಂದಿನ ವರ್ಷದ ಅಮಾವಾಸ್ಯೆಯವರೆಗೆ ಅವಳು ಈ ಕಹಿಯ ಬಾಯಲ್ಲೇ ಇರಬೇಕೇ? ನಾನು ಅಷ್ಟು ಕಾಲ ಇರುತ್ತೇನೆಂದು ಯಾರು ಬಲ್ಲರು?

ಅಮಾವಾಸ್ಯೆ ಇನ್ನೂ ಕಳೆದಿರಲಿಲ್ಲ. ಗಿಡದಲ್ಲಿ ಒಳ್ಳೆಯದೊಂದು ಹಣ್ಣು ನೋಡಿ ಕಿತ್ತೆ. ಬೀದಿ ಸುತ್ತಿಕೊಂಡು ಮಾರಕ್ಕನ ಮನೆಗೆ ಹೋದೆ. ಅವಳು ಗಂಡನ ಎಡೆಗೆ ಮಾಂಸ ಬೇಯಿಸುತ್ತಿದ್ದಳು.

ಹಣ್ಣನ್ನು ಅವಳ ಮುಂದೆ ಇಟ್ಟೆ. "ನೀನು ಮಾಡಮ್ಮ."

ಮಾರಕ್ಕ ಹಣ್ಣನ್ನೂ ನನ್ನನ್ನೂ ನೋಡಿದಳು. "ಬೇರೆ ಮನೆ ಅಡುಗೆ ಇಡೋ ಪದ್ಧತಿ ಇಲ್ಲ ಅಂದೆ?"

"ನಮ್ಮ ಮನೇಲಿ ಇಲ್ಲ. ಇಲ್ಲೇ ಇಡ್ತೀನಿ. ಅವಳು ಉಣ್ತಾ ಇದ್ದಿದ್ದು ಇಲ್ಲೇ ತಾನೇ."

ಅವಳು ಹಣ್ಣು ಸುಲಿದು ತಟ್ಟೆಯಲ್ಲಿ ಹಾಕಿ ನನ್ನ ಕಡೆ ತಳ್ಳಿದಳು. "ಕೂತ್ಕೊಂಡು ಪೊರೆ ಬಿಡಿಸು. ಬಿಳೀದು ಒಂಚೂರೂ ಇರ್ಬಾರ್ದು. ಈ ಕೆಲ್ಸ ಗಂಗಕ್ಕ ಮಾಡೋಳು."

ಬಿಡಿಸಿದೆ. ಕಣ್ಣು ಸರಿಯಾಗಿ ಕಾಣದೆ ತಡವಾಯಿತು; ಆದರೂ ಅವಳು ತಾನು ಮಾಡುತ್ತೇನೆಂದು ಕಿತ್ತುಕೊಳ್ಳಲಿಲ್ಲ. ಅನ್ನ ಮಾಂಸ ಬೆಂದ ಮೇಲೆ ಪಾತ್ರೆಯನ್ನು ಒಲೆಯಿಂದ ಇಳಿಸಿ, ಬಿಸಿ ಸ್ವಲ್ಪ ಆರಲು ಬಿಟ್ಟು, ಚಿಟಿಕೆ ಬೆಲ್ಲ ಉದುರಿಸಿ, ಹಣ್ಣಿನ ಎಸಳುಗಳನ್ನು ಮೇಲೆ ಹರಡಿ ಮುಚ್ಚಿದಳು. ಅಷ್ಟೇ. ಬೆಂಕಿ ತಾಗಿಸಲಿಲ್ಲ.

ನಡುಮನೆಯಲ್ಲಿ ದೊಡ್ಡಬೀರಪ್ಪನ ಫೋಟೋ ಮುಂದೆ ಎಲೆ ಹಾಕಿದಳು. ಅದರ ಪಕ್ಕದಲ್ಲೇ ಇನ್ನೊಂದು ಎಲೆ ಹಾಕಲು ಹೋದಳು.

"ಅಲ್ಲಿ ಬೇಡ," ಎಂದೆ.

"ಯಾಕಣ್ಣ?"

"ಬೀರಪ್ಪನ ಪಕ್ಕದಲ್ಲಿ ಬೇಡ. ಆ ಗೋಡೆ ಕಡೆ ಹಾಕು."

ಮಾರಕ್ಕ ನಡುವಿಗೆ ಕೈ ಇಟ್ಟುಕೊಂಡು ನಿಂತಳು. "ಸತ್ತೋನ ಮೇಲೂ ಹೊಟ್ಟೆಕಿಚ್ಚಾ? ಪಾಪ, ಅವನು ಬದುಕಿದ್ದಾಗ್ಲೇ ಗಂಗಕ್ಕನ ಕಂಡ್ರೆ ಹೆದರ್ಕೊಂಡು ಆಚೆ ಹೋಗೋನು." ನಗುತ್ತ ನಗುತ್ತಲೇ ಅವಳ ಕಣ್ಣಲ್ಲಿ ನೀರು ಬಂತು. ಎಲೆಯನ್ನು ಗೋಡೆಯ ಕಡೆಗೆ ಹಾಕಿದಳು. "ಬಡಿಸೋದು ನೀನೇ ಬಡ್ಸು. ನಾನು ಮುಟ್ಟಲ್ಲ."

ನಾನು ಬಡಿಸಿದೆ. ಆ ಎಲೆಯಲ್ಲಿ ಬೇರೆ ಏನನ್ನೂ ಇಡಲಿಲ್ಲ. ಧೂಪ ಹಾಕಿ, ಬಾಗಿಲು ಮುಚ್ಚಿ, ಇಬ್ಬರೂ ಹೊರಗೆ ಬಂದು ಕೂತೆವು. ಮಾರಕ್ಕ ಒಂದು ಮೂಲೆಗೆ, ನಾನು ಒಂದು ಮೂಲೆಗೆ.

ನನ್ನ ಮನಸ್ಸು ತಿಳಿಯಾಯಿತು ಎಂದು ಹೇಳಿದರೆ ದೇವರು ಮೆಚ್ಚುವುದಿಲ್ಲ. ನನ್ನ ಮನೆಯ ಬಾಗಿಲಿಗಿಂತ ಈ ಬಾಗಿಲಿಗೆ ಅವಳು ಬೇಗ ಬಂದಿರುತ್ತಾಳೆ, ಇಲ್ಲಿ ಹೊಸಬಳಂತೆ ಸುತ್ತ ನೋಡದೆ ನೇರವಾಗಿ ಹೋಗಿ ಕೂತಿರುತ್ತಾಳೆ ಎಂಬ ಯೋಚನೆ ಎದೆಯಲ್ಲಿ ಮುಳ್ಳಿನಂತೆ ಆಡುತ್ತಲೇ ಇತ್ತು. ಆದರೂ ಒಳಗೆ ಅವಳ ಎಲೆಯಲ್ಲಿ ಕಹಿ ಇಲ್ಲ ಎಂದು ತಿಳಿದಿತ್ತು. ಕೈ ಮುಗಿದು ಕಣ್ಣು ಮುಚ್ಚಿದೆ.

ತಂದೆ ಗಂಗಾಧರೇಶ್ವರಾ, ಅವಳು ಎಲ್ಲಿ ಕೂತು ಉಂಡರೂ ಸರಿ, ಹೊಟ್ಟೆ ತುಂಬ ಉಣ್ಣಲಿ. ಯಾರು ಮಾಡಿದರು, ಯಾರು ಬಡಿಸಿದರು ಎಂಬ ನಮ್ಮ ಜಗಳ ಅವಳ ಕಿವಿಗೆ ಬೀಳದಿರಲಿ. ಉಂಡು ಎದ್ದ ಮೇಲೆ ತಿರುಗಿ ನೋಡುವ ಹಂಗು ಅವಳಿಗೆ ಬೇಡ. ನಿನ್ನ ಪಾದದ ನೆರಳಿನಲ್ಲಿ ಅವಳಿಗೊಂದು ಜಾಗ ಕೊಡು, ಅಲ್ಲಿ ಅವಳು ತಣ್ಣಗಿರಲಿ.